ಬಾಡಿಗೆ ಮನೆ, ಮಳಿಗೆಗಳಲ್ಲಿ ಹೂಡಿಕೆ: ಹುಣಸೂರು ಉಪವಿಭಾಗ

ಮೈಸೂರು ಜಿಲ್ಲೆಯ ಪಶ್ಚಿಮ ಭಾಗದ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳು ಕಂದಾಯ ಆಡಳಿತದಲ್ಲಿ ಹುಣಸೂರು ಉಪವಿಭಾಗಕ್ಕೆ ಸೇರಿವೆ. ಈಚೆಗೆ ಕೆ.ಆರ್. ನಗರದಿಂದ ಸಾಲಿಗ್ರಾಮವನ್ನೂ ಎಚ್.ಡಿ. ಕೋಟೆಯಿಂದ ಸರಗೂರನ್ನೂ ಬೇರ್ಪಡಿಸಿ ಪ್ರತ್ಯೇಕ ತಾಲ್ಲೂಕು ಮಾಡಲಾಗಿದೆ. ಬೇಸಾಯದಲ್ಲಿ ಉಳಿದ ಹಣ, ನಿವೃತ್ತಿಯಲ್ಲಿ ಬಂದ ಹಣ, ಬೆಂಗಳೂರಿನಲ್ಲಿರುವ ಮಕ್ಕಳು ಕಳಿಸಿದ ಹಣ ಈ ಸೀಮೆಯಲ್ಲಿ ಮೊದಲು ಹರಿಯುವುದು ಒಂದು ಸೈಟಿನ ಕಡೆಗೆ. ನಂತರ ಅದರ ಮೇಲೆ ಎರಡು ಬಾಡಿಗೆ ಮನೆ, ರಸ್ತೆ ಬದಿಯಾದರೆ ಎರಡು ಮಳಿಗೆ ಏಳುತ್ತವೆ. ಷೇರು, ಮ್ಯೂಚುವಲ್ ಫಂಡ್ ಮಾತು ಬಂದರೂ ಕಣ್ಣಿಗೆ ಕಾಣುವ ಗೋಡೆಯ ಮೇಲಿನ ನಂಬಿಕೆ ಇಲ್ಲಿ ಗಟ್ಟಿ. ಆ ನಂಬಿಕೆ ತಪ್ಪಲ್ಲ. ಆದರೆ ಇಲ್ಲಿ ಬಾಡಿಗೆ ಆಸ್ತಿಯ ಏಳುಬೀಳನ್ನು ತೀರ್ಮಾನಿಸುವುದು ಕಟ್ಟಡದ ಅಂದವೂ ಅಲ್ಲ, ಸೈಟಿನ ದರವೂ ಅಲ್ಲ. ಆ ನೆಲ ಯಾರ ಕೈಯಿಂದ ಯಾರ ಕೈಗೆ ಹೇಗೆ ಬಂತು, ಬಾಡಿಗೆಗೆ ಬರುವವನು ಯಾವ ಕಸುಬಿನವನು ಎಂಬ ಎರಡು ಪ್ರಶ್ನೆಗಳು ಅದನ್ನು ತೀರ್ಮಾನಿಸುತ್ತವೆ. ಹೊಸಬರು ಇವೆರಡನ್ನೂ ಕೊನೆಗೆ ಕೇಳುತ್ತಾರೆ, ಮೊದಲು ಕೇಳಬೇಕು.

ಗೇಣಿಯ ನೆಲದಲ್ಲಿ ಬಾಡಿಗೆ

ಬಾಡಿಗೆಯಿಂದ ಬದುಕುವ ಆಲೋಚನೆಗೆ ಈ ನಾಡಿನಲ್ಲಿ ಒಂದು ಇತಿಹಾಸವಿದೆ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರಾದ ಡಿ. ದೇವರಾಜ ಅರಸು 1972ರಲ್ಲಿ ಮುಖ್ಯಮಂತ್ರಿಯಾದರು. ಅವರ ಸರ್ಕಾರ ಭೂಸುಧಾರಣಾ ಕಾಯ್ದೆಗೆ ತಂದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಗೇಣಿಗೆ ಉಳುತ್ತಿದ್ದವರು ಏಳನೇ ನಮೂನೆಯಲ್ಲಿ ಅರ್ಜಿ ಹಾಕಿ, ಭೂ ನ್ಯಾಯಮಂಡಳಿಯ ಮುಂದೆ ನಿಂತು, ತಾವು ಉಳುತ್ತಿದ್ದ ಹೊಲಗದ್ದೆಗಳಿಗೆ ಒಡೆಯರಾದರು. ಅಂದಿನಿಂದ ವ್ಯವಸಾಯದ ಜಮೀನನ್ನು ಗೇಣಿಗೆ ಕೊಡುವುದಕ್ಕೆ ನಿಷೇಧವಿದೆ; ಸೈನಿಕರು, ನಾವಿಕರಂಥ ಕೆಲವರಿಗೆ ಮಾತ್ರ ವಿನಾಯಿತಿ.

ಹೊಸ ಹೂಡಿಕೆದಾರ ಇದನ್ನು ತಿಳಿಯಬೇಕಾದ ಕಾರಣ ಶುಂಠಿ. ಎಚ್.ಡಿ. ಕೋಟೆ, ಹುಣಸೂರು, ಪಿರಿಯಾಪಟ್ಟಣಗಳ ಕೆಂಪು ಮಣ್ಣಿಗೆ ಕೇರಳದಿಂದಲೂ ಬೆಳೆಗಾರರು ಬಂದು, ಎಕರೆಗಿಷ್ಟು ಎಂದು ಹಣ ಕೊಟ್ಟು ಶುಂಠಿ ಬೆಳೆಯುತ್ತಾರೆ. ಆ ಹಣ ಕಂಡು, ಜಮೀನು ಕೊಂಡು ಶುಂಠಿಯವರಿಗೆ ಬಿಟ್ಟರೆ ಸಾಕು, ಮನೆ ಬಾಡಿಗೆಗಿಂತ ಹೆಚ್ಚು ಸಿಗುತ್ತದೆ ಎಂದು ಸಲಹೆ ಕೊಡುವವರಿದ್ದಾರೆ. 2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು ಎಂಬುದು ನಿಜ. ಕೊಂಡ ಜಮೀನನ್ನು ಗೇಣಿಗೆ ಬಿಡಬಹುದು ಎಂದು ಆ ತಿದ್ದುಪಡಿ ಹೇಳಿಲ್ಲ. ಬಾಯಿಮಾತಿನ ಇಂಥ ಒಪ್ಪಂದದಲ್ಲಿ ಹಣ ಬಾರದಿದ್ದರೆ ಕೋರ್ಟಿಗೆ ಹೋಗಲು ದಾರಿಯಿಲ್ಲ; ಶುಂಠಿ ಬೆಳೆದು ಹೋದ ಮಣ್ಣಿನ ಸತ್ವ ಮರಳಲು ವರ್ಷಗಳು ಬೇಕು. ಹೀಗಾಗಿ ಈ ಲೇಖನ ಕಟ್ಟಡಗಳ ಬಾಡಿಗೆಗೆ ಸೀಮಿತ.

ಬಾಡಿಗೆಗೆ ಬರುವವರು

ನಾಲ್ಕು ಪಟ್ಟಣಗಳಲ್ಲಿ ಹುಣಸೂರು ದೊಡ್ಡದು. 2011ರ ಜನಗಣತಿಯಲ್ಲಿ ಸುಮಾರು 50 ಸಾವಿರ ಜನಸಂಖ್ಯೆಯಿದ್ದ ಊರು ಈಗ ನಗರಸಭೆ. ಉಪವಿಭಾಗಾಧಿಕಾರಿ ಕಚೇರಿ, ನ್ಯಾಯಾಲಯಗಳು, ಸರ್ಕಾರಿ ಪ್ರಥಮ ದರ್ಜೆ ಕಾಲೇಜು, ಬಸ್ ಡಿಪೊ, ಅರಣ್ಯ ಇಲಾಖೆಯ ಕಚೇರಿಗಳು ಇಲ್ಲಿವೆ. ಕಚೇರಿ ಹೆಚ್ಚಿದ್ದ ಮಾತ್ರಕ್ಕೆ ಬಾಡಿಗೆದಾರರು ಹೆಚ್ಚಿರುತ್ತಾರೆ ಎಂದು ಲೆಕ್ಕ ಹಾಕಿದವರು ಸೋತಿದ್ದಾರೆ. ಹುಣಸೂರಿಗೂ ಮೈಸೂರಿಗೂ 45 ಕಿಲೋಮೀಟರ್ ಅಷ್ಟೆ. ಮಕ್ಕಳ ಶಾಲೆಗಾಗಿ ಮೈಸೂರಿನಲ್ಲೇ ಸಂಸಾರ ಇಟ್ಟು, ಬೆಳಗಿನ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಮರಳುವ ನೌಕರರು ಸಾಕಷ್ಟಿದ್ದಾರೆ. ಕೆ.ಆರ್. ನಗರಕ್ಕೆ ಇದೇ ಮಾತು ಮೈಸೂರು–ಹಾಸನ ರೈಲಿನ ರೂಪದಲ್ಲಿ ಅನ್ವಯಿಸುತ್ತದೆ. ಹಾಗಾಗಿ ಇಲ್ಲಿ ದೊಡ್ಡ ಮೂರು ಕೋಣೆಯ ಮನೆಗೆ ಕಾಯಬೇಕಾಗುತ್ತದೆ. ಬ್ಯಾಂಕಿಗೆ ಹೊಸದಾಗಿ ಸೇರಿದ ಹುಡುಗ, ಊರಿನಲ್ಲೇ ಅಂಗಡಿ ಇಟ್ಟ ಸಂಸಾರ, ಹಳ್ಳಿಯಿಂದ ಮಕ್ಕಳನ್ನು ಓದಿಸಲು ಬಂದ ತಾಯಿ ಕೇಳುವ ಒಂದು ಕೋಣೆ, ಎರಡು ಕೋಣೆಯ ಮನೆಗಳು ಬೇಗ ತುಂಬುತ್ತವೆ. ಈ ಕೊನೆಯ ವರ್ಗವನ್ನು ಕಟ್ಟಿಸುವವರು ಲೆಕ್ಕಕ್ಕೇ ಹಿಡಿಯುವುದಿಲ್ಲ. ಗಂಡ ಊರಿನಲ್ಲಿ ಬೇಸಾಯ ನೋಡಿಕೊಂಡು, ಹೆಂಡತಿ ಮಕ್ಕಳೊಂದಿಗೆ ತಾಲ್ಲೂಕು ಕೇಂದ್ರದಲ್ಲಿ ಮನೆ ಮಾಡಿದರೆ, ಮಗು ಎಸ್ಸೆಸ್ಸೆಲ್ಸಿ ಮುಗಿಸುವವರೆಗೆ ಆ ಸಂಸಾರ ಕದಲುವುದಿಲ್ಲ. ಇಷ್ಟು ನಿಶ್ಚಿಂತೆಯ ಬಾಡಿಗೆದಾರರು ಬೇರೆ ಯಾರೂ ಸಿಗಲಾರರು.

ಹುಣಸೂರು, ಪಿರಿಯಾಪಟ್ಟಣಗಳ ಹಣದ ಹರಿವು ಹೊಗೆಸೊಪ್ಪಿನದು. ತಂಬಾಕು ಮಂಡಳಿ 1984ರಲ್ಲಿ ಕರ್ನಾಟಕದಲ್ಲಿ ಹರಾಜು ಪದ್ಧತಿ ತಂದಿತು. ಹುಣಸೂರಿನ ಕಟ್ಟೆಮಳಲವಾಡಿ, ಪಿರಿಯಾಪಟ್ಟಣ, ಕಂಪಲಾಪುರ, ಎಚ್.ಡಿ. ಕೋಟೆಗಳಲ್ಲಿ ಹರಾಜು ಮಾರುಕಟ್ಟೆಗಳಿವೆ. ಮೇ, ಜೂನ್‌ನಲ್ಲಿ ಸಸಿ ನೆಟ್ಟು, ಮಳೆಗಾಲದಲ್ಲಿ ಎಲೆ ಕೊಯ್ದು, ಬ್ಯಾರನ್‌ನಲ್ಲಿ ಹದ ಮಾಡಿ, ಸೆಪ್ಟೆಂಬರ್–ಅಕ್ಟೋಬರ್ ಹೊತ್ತಿಗೆ ಹರಾಜು ತೆರೆದಾಗ ರೈತನ ಖಾತೆಗೆ ದುಡ್ಡು ಬೀಳುತ್ತದೆ. ಅಲ್ಲಿಂದ ನಾಲ್ಕೈದು ತಿಂಗಳು ಪೇಟೆಯ ಚಿನ್ನದಂಗಡಿ, ಬಟ್ಟೆಯಂಗಡಿ, ಬೈಕ್ ಶೋರೂಮುಗಳಿಗೆ ಬಿಡುವಿಲ್ಲ. ಜೂನ್, ಜುಲೈನಲ್ಲಿ ಅದೇ ಅಂಗಡಿಗಳವರು ಬಾಡಿಗೆ ಒಂದು ತಿಂಗಳು ತಡವಾಗುತ್ತದೆ ಎನ್ನುತ್ತಾರೆ. ಮಳಿಗೆ ಕಟ್ಟಿ ಬ್ಯಾಂಕಿನ ಕಂತಿಗೆ ಅದರ ಬಾಡಿಗೆಯನ್ನೇ ನೆಚ್ಚಿದವರು ಈ ಋತುಮಾನವನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ಮಂಡಳಿ ಪ್ರತಿ ವರ್ಷ ರಾಜ್ಯಕ್ಕೆ ಬೆಳೆಯ ಮಿತಿ ನಿಗದಿ ಮಾಡುತ್ತದೆ. ಹರಾಜಿನ ದರ ಬಿದ್ದ ವರ್ಷ ಪೇಟೆಯಲ್ಲಿ ಬಾಡಿಗೆ ಏರಿಸುವ ಮಾತನ್ನು ಎತ್ತದಿರುವುದು ಒಳ್ಳೆಯದು.

ಪಿರಿಯಾಪಟ್ಟಣ ತಾಲ್ಲೂಕಿನ ಪಶ್ಚಿಮದ ತುದಿ ಬೇರೆಯದೇ ಲೋಕ. ಕೊಪ್ಪ ದಾಟಿ ಕಾವೇರಿ ಸೇತುವೆಯ ಆಚೆ ಕಾಲಿಟ್ಟರೆ ಕೊಡಗಿನ ಕುಶಾಲನಗರ. ಬೈಲಕುಪ್ಪೆಯಲ್ಲಿ 1961ರಿಂದ ಟಿಬೆಟನ್ ನಿರಾಶ್ರಿತರ ವಸಾಹತಿದೆ, ನಮ್‌ಡ್ರೋಲಿಂಗ್ ಮಠದ ಸುವರ್ಣ ದೇಗುಲ ನೋಡಲು ಪ್ರವಾಸಿಗರು ವರ್ಷವಿಡೀ ಬರುತ್ತಾರೆ. ಹೆದ್ದಾರಿ ಬದಿಯ ಮಳಿಗೆಗೆ ಇಲ್ಲಿ ಬೆಲೆಯಿದೆ. ಆದರೆ ವಸಾಹತಿನ ನೆಲ ಸರ್ಕಾರ ಕೊಟ್ಟದ್ದು, ಅದು ಕ್ರಯಕ್ಕೆ ಬರುವಂಥದಲ್ಲ. ಯಾರಾದರೂ ಮಾರುತ್ತೇನೆಂದು ಬಂದರೆ ಮಾತು ಬೆಳೆಸಬಾರದು. ವಿದೇಶಿಯರು ವಸಾಹತಿನೊಳಗೆ ರಾತ್ರಿ ತಂಗಲು ಕೇಂದ್ರ ಗೃಹ ಸಚಿವಾಲಯದ ಅನುಮತಿ ಬೇಕು. ಹೊರಗೆ ಮನೆ ಕೊಡುವ ಮಾಲೀಕರೂ ವಿದೇಶಿ ಅತಿಥಿ ಬಂದ 24 ಗಂಟೆಯೊಳಗೆ ಮಾಹಿತಿ ಸಲ್ಲಿಸಬೇಕು.

ಕೆ.ಆರ್. ನಗರದ್ದು ನೀರಿನ ಕಥೆ. ಹಳೆಯ ಯಡತೊರೆ ಕಾವೇರಿಯ ಪ್ರವಾಹಕ್ಕೆ ಮತ್ತೆ ಮತ್ತೆ ತುತ್ತಾದಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1920ರ ದಶಕದಲ್ಲಿ, ಎತ್ತರದ ಜಾಗದಲ್ಲಿ ಯೋಜನೆ ಹಾಕಿ ಕಟ್ಟಿದ ಊರಿದು. ಅಗಲ ರಸ್ತೆ, ನೇರ ಅಡ್ಡರಸ್ತೆಗಳು ಅಂದಿನವು. ಭತ್ತದ ಸೀಮೆಯಾದ್ದರಿಂದ ಅಕ್ಕಿ ಗಿರಣಿ, ಗೊಬ್ಬರದ ಅಂಗಡಿ, ಗೋದಾಮುಗಳ ಬಾಡಿಗೆಗೆ ಇಲ್ಲಿ ಸ್ಥಿರ ಬೇಡಿಕೆಯಿದೆ. ನಾಲೆಗೆ ನೀರು ಬಿಟ್ಟರೆ ಅಂಗಡಿಯವನ ಬಾಡಿಗೆ ತಡವಾಗುವುದಿಲ್ಲ. ನದಿಗೆ ಹೆದರಿ ಹಿಂದಿನವರು ಮೇಲಕ್ಕೆ ಬಂದಿದ್ದರೂ ಇಂದು ಹೊಸ ಬಡಾವಣೆಗಳು ಮತ್ತೆ ತಗ್ಗಿಗೆ ಇಳಿಯುತ್ತಿವೆ. ಹುಣಸೂರಿನಲ್ಲೂ 2019ರ ಆಗಸ್ಟ್ ಮಳೆಗೆ ಲಕ್ಷ್ಮಣತೀರ್ಥ ಉಕ್ಕಿ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿತ್ತು. ಅಗ್ಗಕ್ಕೆ ಸಿಗುವ ಸೈಟನ್ನು ಬೇಸಿಗೆಯಲ್ಲಿ ನೋಡಿ ಮುಂಗಡ ಕೊಡುವ ಬದಲು ಆ ಬೀದಿಯ ಹಳೆಯ ಮನೆಯವರನ್ನು, ‘ಆ ವರ್ಷ ನೀರು ಎಲ್ಲಿಯವರೆಗೆ ಬಂದಿತ್ತು?’ ಎಂದು ಕೇಳಿದರೆ ಗೋಡೆಯ ಮೇಲಿನ ಗುರುತನ್ನೇ ತೋರಿಸುತ್ತಾರೆ.

ಎಚ್.ಡಿ. ಕೋಟೆ ಸಣ್ಣ ಪಟ್ಟಣ. ಹ್ಯಾಂಡ್‌ಪೋಸ್ಟ್ ವೃತ್ತದ ಸುತ್ತ, ಸರಗೂರಿನಲ್ಲಿ ಮಳಿಗೆ ಮನೆಗಳಿಗೆ ಬೇಡಿಕೆ ಉಂಟು. ಹೊರಗಿನ ಹೂಡಿಕೆದಾರರನ್ನು ಸೆಳೆಯುವುದು ಮಾತ್ರ ಕಬಿನಿಯ ಹಿನ್ನೀರು. ಬೀಚನಹಳ್ಳಿಯ ಅಣೆಕಟ್ಟೆ 1974ರದು. ಕಾರಾಪುರದ ಕಡೆ ಜಂಗಲ್ ಲಾಡ್ಜಸ್ ಮತ್ತು ಖಾಸಗಿ ರೆಸಾರ್ಟುಗಳಿವೆ. ಅಲ್ಲೊಂದು ತುಂಡು ಜಮೀನು ಕೊಂಡು ಹೋಂಸ್ಟೇ ಮಾಡಿದರೆ ಕೂತಲ್ಲಿ ಬಾಡಿಗೆ ಬರುತ್ತದೆ ಎಂಬುದು ಹಲವರ ಕನಸು. ಹೋಂಸ್ಟೇ ಬಾಡಿಗೆಯಲ್ಲ, ದಿನನಿತ್ಯದ ದುಡಿಮೆ. ಪ್ರವಾಸೋದ್ಯಮ ಇಲಾಖೆಯ ನೋಂದಣಿ, ಪಂಚಾಯಿತಿಯ ಅನುಮತಿ, ಅಡುಗೆ, ಸ್ವಚ್ಛತೆ ಎಲ್ಲವೂ ಅದರ ಬೆನ್ನಿಗಿವೆ. ಬಂಡೀಪುರದ ಸುತ್ತ 2012ರಲ್ಲಿ ಪರಿಸರ ಸೂಕ್ಷ್ಮ ವಲಯ ಘೋಷಣೆಯಾದ ಮೇಲೆ ವಾಣಿಜ್ಯ ಕಟ್ಟಡಗಳಿಗೆ ಕಟ್ಟುನಿಟ್ಟಿದೆ. ಒಂದು ಕಡೆ ಬಂಡೀಪುರ, ಇನ್ನೊಂದು ಕಡೆ ನಾಗರಹೊಳೆ ಇರುವ ಈ ತಾಲ್ಲೂಕಿನ ಕಾಡಂಚಿನಲ್ಲಿ ಮೊದಲ ಹೂಡಿಕೆ ಮಾಡದಿರುವುದೇ ಲೇಸು.

ಇನ್ನು ರಸ್ತೆ, ರೈಲಿನ ಆಸೆ. ಶ್ರೀರಂಗಪಟ್ಟಣದ ಕಡೆಯಿಂದ ಕುಶಾಲನಗರದವರೆಗಿನ 92 ಕಿಲೋಮೀಟರ್ ಚತುಷ್ಪಥ ಹೆದ್ದಾರಿಗೆ 2023ರ ಮಾರ್ಚ್ 12ರಂದು ಶಂಕುಸ್ಥಾಪನೆಯಾಯಿತು. ಕುಶಾಲನಗರಕ್ಕೆ ರೈಲು ಮಾರ್ಗದ ಪ್ರಸ್ತಾವವೂ ವರ್ಷಗಳಿಂದ ಕೇಳಿಬರುತ್ತಿದೆ. ಬಡಾವಣೆಯವರ ಕರಪತ್ರಗಳಲ್ಲಿ ಇವೆರಡೂ ಆಗಲೇ ಮುಗಿದಂತೆ ಅಚ್ಚಾಗಿರುತ್ತವೆ. ಹೆದ್ದಾರಿ ಊರಿನ ಹೊರಗೆ ಹಾದರೆ ಊರೊಳಗಿನ ಹಳೆಯ ರಸ್ತೆಯ ಹೋಟೆಲು, ಮಳಿಗೆಗಳಿಗೆ ಗಿರಾಕಿ ಇಳಿಯಬಹುದು ಎಂಬುದನ್ನು ಕರಪತ್ರ ಹೇಳುವುದಿಲ್ಲ. ಕೊಳ್ಳುವ ಸರ್ವೆ ನಂಬರು ಭೂಸ್ವಾಧೀನದ ಅಧಿಸೂಚನೆಯಲ್ಲಿದೆಯೇ ಎಂದು ವಿಚಾರಿಸಿಯೇ ಮುಂದುವರಿಯಬೇಕು.

ನೆಲದ ಪೂರ್ವೋತ್ತರ

ಈ ತಾಲ್ಲೂಕುಗಳಲ್ಲಿ ದೊಡ್ಡ ನಷ್ಟಗಳೆಲ್ಲ ದಾಖಲೆ ಓದದೆ ಆದವು. ಭೂಸುಧಾರಣೆ, ದರಖಾಸ್ತು, ಬಗರ್‌ಹುಕುಂ, ಕಬಿನಿ ಮುಳುಗಡೆ, ಕಾಡಿನಿಂದ ಹೊರಬಂದ ಆದಿವಾಸಿಗಳ ಪುನರ್ವಸತಿ, ಹೀಗೆ ಸರ್ಕಾರ ಮಂಜೂರು ಮಾಡಿದ ಜಮೀನು ಇಲ್ಲಿ ಬಹಳ. ಮಂಜೂರಾದ ಪ್ರತಿ ತುಂಡಿಗೂ ಒಂದು ಷರತ್ತು ಅಂಟಿಕೊಂಡಿರುತ್ತದೆ.

ಅವುಗಳಲ್ಲಿ ಮುಖ್ಯವಾದದ್ದು ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಮಂಜೂರಾದ ಜಮೀನುಗಳ ಪರಭಾರೆ ನಿಷೇಧ ಕಾಯ್ದೆ, ಜನರ ಬಾಯಲ್ಲಿ ಪಿಟಿಸಿಎಲ್. ಅರಸು ಅವರ ಕಾಲದ್ದೇ ಆದ 1978ರ ಈ ಕಾಯ್ದೆಯ ಪ್ರಕಾರ, ಮಂಜೂರಾತಿ ಷರತ್ತು ಮೀರಿ ಆ ಜಮೀನನ್ನು ಮಾರಿದ್ದರೆ ಮಾರಾಟವೇ ಅಸಿಂಧು. ಕಾಯ್ದೆ ಬಂದ ನಂತರ ಮಾರಲು ಸರ್ಕಾರದ ಪೂರ್ವಾನುಮತಿ ಬೇಕೇ ಬೇಕು. ಅಸಿಂಧುವಾದ ಜಮೀನನ್ನು ಹಿಂದಕ್ಕೆ ಪಡೆದು ಮೂಲ ಮಂಜೂರುದಾರರ ವಾರಸುದಾರರಿಗೆ ಕೊಡಿಸುವ ಅಧಿಕಾರ ಉಪವಿಭಾಗಾಧಿಕಾರಿಗಿದೆ, ಅಂದರೆ ಹುಣಸೂರಿನ ಆ ಕಚೇರಿಗೆ. ತುಂಬ ತಡವಾಗಿ ಹಾಕಿದ ಅರ್ಜಿ ನಿಲ್ಲುವುದಿಲ್ಲ ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದರಿಂದ ಕೊಂಡವರು ನಿಟ್ಟುಸಿರು ಬಿಟ್ಟಿದ್ದರು. 2023ರಲ್ಲಿ ರಾಜ್ಯ ತಿದ್ದುಪಡಿ ತಂದು ಕಾಲಮಿತಿಯ ಆ ಅಡ್ಡಿಯನ್ನು ತೆಗೆಯಿತು. ಇದು ನ್ಯಾಯವಾದ ಕಾಯ್ದೆ. ಹಸಿವಿಗೆ, ಕಾಯಿಲೆಗೆ, ಸಾಲಕ್ಕೆ ಮೂರು ಕಾಸಿಗೆ ಕೈಬಿಟ್ಟ ಜಮೀನು ಬಡವರಿಗೆ ಮರಳಬೇಕು. ಇಂಥ ಜಮೀನಿನಲ್ಲಿ ಬಡಾವಣೆ ಮಾಡಿ ಸೈಟು ಹಂಚುವವರ ಕೈಯಿಂದ ಕೊಳ್ಳದೆ ಇದ್ದರೆ ಹೂಡಿಕೆದಾರನ ಹಣವೂ ಉಳಿಯುತ್ತದೆ, ಇನ್ನೊಬ್ಬರ ಅನ್ನಕ್ಕೆ ಕಲ್ಲು ಹಾಕಿದಂತೆಯೂ ಆಗುವುದಿಲ್ಲ.

ತಿಳಿಯುವುದು ಹೇಗೆ? ಪಹಣಿಯನ್ನು ಕೈಯಲ್ಲಿ ಹಿಡಿದು ನೋಡಬೇಕು. ಒಂಬತ್ತನೇ ಕಲಂನಲ್ಲಿ ಖಾತೆದಾರನ ಹೆಸರಿದೆ. ಹೆಚ್ಚಿನವರು ಅಲ್ಲಿಗೇ ನಿಲ್ಲಿಸುತ್ತಾರೆ. ಹತ್ತನೇ ಕಲಂ ಆ ಹೆಸರು ಹೇಗೆ ಬಂತೆಂದು ಹೇಳುತ್ತದೆ: ಕ್ರಯ, ವಿಭಾಗ, ಪೌತಿ ಅಥವಾ ಮಂಜೂರು. ಹನ್ನೊಂದನೆಯದರಲ್ಲಿ ಸಾಲ, ಹಕ್ಕು, ತಡೆಗಳು. ಹತ್ತರಲ್ಲಿ ಮಂಜೂರು ಎಂದೋ, ಹನ್ನೊಂದರಲ್ಲಿ ಪರಭಾರೆ ನಿಷೇಧ ಎಂದೋ ಕಂಡರೆ ಸಾಗುವಳಿ ಚೀಟಿಯ ನಕಲು ಕೇಳಬೇಕು. ಕಾಣದಿದ್ದರೂ ಹಳೆಯ ಕೈಬರಹದ ಪಹಣಿ, ಮ್ಯುಟೇಷನ್ ಪ್ರತಿಗಳನ್ನು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಿಂದ ತೆಗೆಸಿ, 1970ರ ದಶಕದವರೆಗೂ ಹಿಂದಕ್ಕೆ ಹೋಗಬೇಕು. ಕಂಪ್ಯೂಟರ್ ಪಹಣಿ ಬರುವ ಮೊದಲಿನ ಷರತ್ತು ಇಂದಿನ ಹಾಳೆಯಲ್ಲಿ ಬಿಟ್ಟುಹೋಗಿರುವುದುಂಟು. ಆಶ್ರಯ ಯೋಜನೆಯ ನಿವೇಶನ, 94ಸಿ ಅಡಿಯ ಹಕ್ಕುಪತ್ರದ ಮನೆಗಳಿಗೂ ಪರಭಾರೆಯ ನಿರ್ಬಂಧ ಇರುತ್ತದೆ. ಅಂಥವನ್ನು ಅಗ್ರಿಮೆಂಟ್ ಮೇಲೆ ಕೊಂಡವನ ಹತ್ತಿರ ಉಳಿಯುವುದು ಕಾಗದ ಮಾತ್ರ.

ಎರಡನೆಯದು ಕುಟುಂಬ. ಪಿತ್ರಾರ್ಜಿತ ಆಸ್ತಿಯಾದರೆ ವಂಶವೃಕ್ಷ ನೋಡಿ, ಹೆಣ್ಣುಮಕ್ಕಳೂ ಪತ್ರಕ್ಕೆ ಸಹಿ ಹಾಕಿದ್ದಾರೆಯೇ ಎಂದು ನೋಡಬೇಕು. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಹಿಂದೂ ಅವಿಭಕ್ತ ಆಸ್ತಿಯಲ್ಲಿ ಸಮಪಾಲು ಕೊಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿ, 2020ರ ಸುಪ್ರೀಂ ಕೋರ್ಟ್ ತೀರ್ಪು ಅದನ್ನು ಇನ್ನಷ್ಟು ಗಟ್ಟಿ ಮಾಡಿವೆ. ‘ಅಕ್ಕತಂಗಿಯರಿಗೆ ಮದುವೆಯಲ್ಲಿ ಕೊಟ್ಟಾಗಿದೆ, ಅವರು ಬರುವುದಿಲ್ಲ’ ಎಂದು ಮಾರುವವನು ಹೇಳಿದರೆ, ಅವರನ್ನು ಕರೆಸಿ ಅವರ ಒಪ್ಪಿಗೆ ಕೇಳಿಯೇ ಕೊಳ್ಳಬೇಕು.

ಮೂರನೆಯದು ಖಾತೆ. ಪಹಣಿಯ ಜಮೀನಿನಲ್ಲಿ ಮನೆ ಕಟ್ಟಬೇಕಾದರೆ ಭೂಪರಿವರ್ತನೆ, ನಗರ ಮತ್ತು ಗ್ರಾಮಾಂತರ ಯೋಜನಾ ಪ್ರಾಧಿಕಾರದ ಅನುಮೋದನೆ, ನಂತರ ಇ-ಖಾತೆ. ಪಂಚಾಯಿತಿ ವ್ಯಾಪ್ತಿಯಲ್ಲಿ ಇ-ಸ್ವತ್ತು ತಂತ್ರಾಂಶದ 9 ಮತ್ತು 11ಎ ನಮೂನೆ ಕ್ರಮಬದ್ಧ ಸ್ವತ್ತಿಗೆ, 11ಬಿ ಅನಧಿಕೃತಕ್ಕೆ. ಪಟ್ಟಣದಲ್ಲಿ ಎ ಖಾತೆ, ಬಿ ಖಾತೆ ಎಂಬ ವ್ಯತ್ಯಾಸ. 2024ರ ಅಕ್ಟೋಬರ್ 7ರಿಂದ ರಾಜ್ಯವಿಡೀ ನೋಂದಣಿಗೆ ಇ-ಖಾತೆ ಕಡ್ಡಾಯ. ಬಿ ಖಾತೆಯ ಆಸ್ತಿಗೆ ಕಂದಾಯ ಕಟ್ಟಬಹುದು. ಹಾಗೆಂದು ಅದು ಸಕ್ರಮವಾಯಿತು ಎಂದಲ್ಲ. ಬ್ಯಾಂಕ್ ಸಾಲಕ್ಕೆ, ಕಟ್ಟಡ ಪರವಾನಗಿಗೆ ಅಲ್ಲೇ ತೊಡಕು. ಋಣಭಾರ ಪ್ರಮಾಣಪತ್ರ ಕಾವೇರಿ 2.0 ಜಾಲತಾಣದಲ್ಲಿ ಸಿಗುತ್ತದೆ, ಅದು ನೋಂದಣಿಯಾದ ವ್ಯವಹಾರಗಳನ್ನಷ್ಟೇ ತೋರಿಸುತ್ತದೆ. ಕೈಸಾಲ, ನೋಂದಣಿಯಾಗದ ಅಗ್ರಿಮೆಂಟು, ಒಳಗೆ ಕೂತಿರುವ ಬಾಡಿಗೆದಾರ, ಇವು ಅದರಲ್ಲಿ ಇರುವುದಿಲ್ಲ. ಅದಕ್ಕೇ ಸ್ಥಳದಲ್ಲಿ ನಿಂತು ಅಕ್ಕಪಕ್ಕದವರೊಡನೆ ಚಕ್ಕುಬಂದಿ ಹೊಂದಿಸಿ ನೋಡುವುದನ್ನು ಯಾವ ಆನ್‌ಲೈನ್ ದಾಖಲೆಯೂ ತಪ್ಪಿಸಲಾರದು.

ವರಮಾನದ ಲೆಕ್ಕ

ಲೆಕ್ಕ ತಿಳಿಯುವ ಸಲುವಾಗಿ ಒಂದು ಕಲ್ಪಿತ ಉದಾಹರಣೆ. ಮೂವತ್ತು–ನಲವತ್ತು ಅಳತೆಯ ಸೈಟಿಗೆ 18 ಲಕ್ಷ. ಮುದ್ರಾಂಕ ಶುಲ್ಕ ನೂರಕ್ಕೆ 5, ಅದರ ಮೇಲೆ ಸೆಸ್ಸು, ಸರ್‌ಚಾರ್ಜು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ನೂರಕ್ಕೆ 2. ಒಟ್ಟು ಏಳೂವರೆಗಿಂತ ತುಸು ಹೆಚ್ಚು, ಸುಮಾರು 1.4 ಲಕ್ಷ. ಕೆಳಗೊಂದು ಮೇಲೊಂದು ಮನೆಗೆ 30 ಲಕ್ಷ. ಅಲ್ಲಿಗೆ 50 ಲಕ್ಷದ ಹತ್ತಿರ. ಎರಡು ಮನೆಗೂ ತಿಂಗಳಿಗೆ 9 ಸಾವಿರದಂತೆ ವರ್ಷಕ್ಕೆ 2,16,000. ವರ್ಷದಲ್ಲಿ ಒಂದು ತಿಂಗಳು ಖಾಲಿ ಎಂದು 18 ಸಾವಿರ ಕಳೆದು, ಕಂದಾಯ, ಸುಣ್ಣಬಣ್ಣ, ಮೋಟಾರ್ ರಿಪೇರಿಗೆ 28 ಸಾವಿರ ಕಳೆದರೆ ಕೈಗೆ 1,70,000. ಹಾಕಿದ ಹಣಕ್ಕೆ ನೂರಕ್ಕೆ ಮೂರೂವರೆಯೂ ಆಗಲಿಲ್ಲ.

ಇದೇ ಮನೆಗೆ 30 ಲಕ್ಷ ಸಾಲ ಮಾಡಿದ್ದರೆ, ಎಂಟೂವರೆ ಬಡ್ಡಿಯಲ್ಲಿ 20 ವರ್ಷಕ್ಕೆ ತಿಂಗಳ ಕಂತು ಸುಮಾರು 26 ಸಾವಿರ. ಬಾಡಿಗೆ 18 ಸಾವಿರ. ಉಳಿದ 8 ಸಾವಿರ ಪ್ರತಿ ತಿಂಗಳೂ ಸಂಬಳದಿಂದಲೋ ಹೊಲದಿಂದಲೋ ಬರಬೇಕು. ‘ಬಾಡಿಗೆಯೇ ಸಾಲ ತೀರಿಸುತ್ತದೆ’ ಎಂಬ ಮಾತು ಸಣ್ಣ ಪಟ್ಟಣದ ಮನೆಗಳಿಗೆ ಹೊಂದುವುದಿಲ್ಲ. ಹಾಗಾದರೆ ಜನ ಕಟ್ಟುವುದೇಕೆ? ನೆಲದ ಬೆಲೆ ಏರುತ್ತದೆ ಎಂಬ ಭರವಸೆಗೆ, ಮಕ್ಕಳಿಗೊಂದು ನೆಲೆಯಾಗಲಿ ಎಂದು. ಎರಡೂ ಯೋಗ್ಯ ಕಾರಣಗಳೇ. ಆದರೆ ನಿವೃತ್ತಿಯ ಇಡುಗಂಟನ್ನು ಪೂರ್ತಿ ಸುರಿದು ಬಾಡಿಗೆಯಿಂದ ಮನೆ ನಡೆಸುತ್ತೇನೆಂದು ಹೊರಟವರಿಗೆ ಮೇಲಿನ ಲೆಕ್ಕವನ್ನು ಮನೆಯವರು ಕೂಡಿಸಿ ತೋರಿಸಬೇಕು. ಈಗಾಗಲೇ ಸ್ವಂತ ಮನೆಯಿದ್ದು, ತಾರಸಿಯ ಮೇಲೆ ಒಂದು ಮಹಡಿ ಏರಿಸಿದರೆ ಸೈಟಿನ ಖರ್ಚೇ ಇಲ್ಲ. ಒಂದು ಮನೆಗೆ ಬರುವ ಅದೇ ಬಾಡಿಗೆ ಆಗ ಕಡಿಮೆ ಹಣದ ಮೇಲೆ ಬರುತ್ತದೆ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಆರಂಭವಿಲ್ಲ. ತಳಪಾಯ ಇನ್ನೊಂದು ಮಹಡಿ ಹೊರುತ್ತದೆಯೇ ಎಂದು ಎಂಜಿನಿಯರ್ ನೋಡಿ ಹೇಳಿರಬೇಕು, ಪರವಾನಗಿ ಪಡೆದಿರಬೇಕು.

ಮಳಿಗೆಯ ಹುಟ್ಟುವಳಿ ಮನೆಗಿಂತ ಹೆಚ್ಚು, ಖಾಲಿ ಬೀಳುವ ಕಾಲವೂ ಉದ್ದ. ಪುರಸಭೆಯ ಮಳಿಗೆಯನ್ನು ಹರಾಜಿನಲ್ಲಿ ಹಿಡಿದು ಒಳಬಾಡಿಗೆಗೆ ಕೊಟ್ಟು ಲಾಭ ಮಾಡುವ ಚಾಳಿಯೊಂದಿದೆ. ಅದು ಕರಾರಿನ ಉಲ್ಲಂಘನೆ, ಮಳಿಗೆ ಕೈತಪ್ಪುತ್ತದೆ.

ಭೋಗ್ಯ

ಪಟ್ಟಣಗಳ ಜನ ಲೀಸ್ ಎಂದೂ ಹಳಬರು ಭೋಗ್ಯ ಎಂದೂ ಕರೆಯುವ ಪದ್ಧತಿಯಲ್ಲಿ ತಿಂಗಳ ಬಾಡಿಗೆಯಿಲ್ಲ. ಒಂದು ಗಂಟು ಹಣ ಕೊಟ್ಟು ಎರಡು ಮೂರು ವರ್ಷ ವಾಸ, ಬಿಡುವಾಗ ಅಷ್ಟೂ ಹಣ ವಾಪಸ್. ಮೇಲಿನ ಮನೆಯನ್ನು 5 ಲಕ್ಷಕ್ಕೆ ಭೋಗ್ಯಕ್ಕೆ ಕೊಟ್ಟರೆ, ಆ ಹಣವನ್ನು ಆರೂವರೆ ಬಡ್ಡಿಯ ಠೇವಣಿಯಲ್ಲಿಟ್ಟಾಗ ತಿಂಗಳಿಗೆ ಸಿಗುವುದು ಸುಮಾರು 2,700. ಬಾಡಿಗೆಗೆ ಕೊಟ್ಟಿದ್ದರೆ 9 ಸಾವಿರ. ಹಾಗಿದ್ದರೂ ಮಾಲೀಕರು ಭೋಗ್ಯಕ್ಕೆ ಕೊಡುವುದೇಕೆಂದರೆ, ಮನೆ ಮುಗಿಸಲು ಸಾಲದ ಹಣವನ್ನು ನೂರಕ್ಕೆ ಎರಡು ರೂಪಾಯಿ ಬಡ್ಡಿಗೆ ತಂದಿರುತ್ತಾರೆ. 5 ಲಕ್ಷಕ್ಕೆ ಆ ಬಡ್ಡಿ ತಿಂಗಳಿಗೆ 10 ಸಾವಿರ. ಭೋಗ್ಯದ ಹಣದಿಂದ ಆ ಸಾಲ ತೀರಿಸಿದರೆ ಲೆಕ್ಕ ಸರಿಹೋಯಿತು. ಬಂದ ಹಣವನ್ನು ಮದುವೆಗೋ ಕಾರಿಗೋ ಖರ್ಚು ಮಾಡಿದವನು ಮೂರು ವರ್ಷದ ನಂತರ ಇನ್ನೊಬ್ಬ ಭೋಗ್ಯದಾರನನ್ನು ಹುಡುಕಿ, ಅವನ ಹಣದಿಂದ ಇವನನ್ನು ಕಳಿಸಬೇಕಾಗುತ್ತದೆ; ಆ ಸರಪಳಿ ಎಲ್ಲಿ ಕಡಿದರೂ ಕೊನೆಯ ಸಂಸಾರ ಬೀದಿಗೆ ಬೀಳುತ್ತದೆ. ಕಾನೂನಿನಲ್ಲಿ ಭೋಗ್ಯ ಒಂದು ಬಗೆಯ ಅಡಮಾನ, ಪತ್ರ ನೋಂದಣಿಯಾಗಬೇಕು. ಛಾಪಾ ಕಾಗದದಲ್ಲಿ ಬರೆದು ಇಬ್ಬರು ಸಾಕ್ಷಿ ಹಾಕಿಸಿದರೆ ಸಾಲದು. ಮನೆಯ ಮೇಲೆ ಬ್ಯಾಂಕ್ ಸಾಲವಿದ್ದರೆ ಭೋಗ್ಯಕ್ಕೆ ಕೊಡುವ ಮೊದಲು ಬ್ಯಾಂಕಿನ ಒಪ್ಪಿಗೆಯೂ ಬೇಕು.

ಕರಾರು, ಮುಂಗಡ, ತೆರವು

ಹನ್ನೊಂದು ತಿಂಗಳ ಕರಾರು ಎಲ್ಲರಿಗೂ ಗೊತ್ತು, ಅದರ ಕಾರಣವನ್ನು ತಪ್ಪಾಗಿ ತಿಳಿದವರು ಅನೇಕರು. ಒಂದು ವರ್ಷ ಮೀರಿದ ಗುತ್ತಿಗೆ ನೋಂದಣಿಯಾಗಬೇಕೆಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆ ಹೇಳುವುದರಿಂದ ಖರ್ಚು ಉಳಿಸಲು ಹನ್ನೊಂದು ತಿಂಗಳು ಬರೆಯುತ್ತಾರೆ. ಹನ್ನೆರಡು ವರ್ಷ ಇದ್ದ ಬಾಡಿಗೆದಾರ ಮನೆಗೆ ಹಕ್ಕುದಾರನಾಗುತ್ತಾನೆ ಎಂಬ ಭಯಕ್ಕೆ ಆಧಾರವಿಲ್ಲ. ಮಾಲೀಕನ ಅನುಮತಿಯಿಂದ ಒಳಗೆ ಬಂದವನ ಸ್ವಾಧೀನ ಪ್ರತಿಕೂಲ ಸ್ವಾಧೀನವಾಗುವುದಿಲ್ಲ. ಇದು ಗೊತ್ತಿಲ್ಲದೆ ಒಳ್ಳೆಯ ಬಾಡಿಗೆದಾರರನ್ನು ಮೂರು ವರ್ಷಕ್ಕೊಮ್ಮೆ ಎಬ್ಬಿಸುವ ಮಾಲೀಕರು ಪ್ರತಿ ಸಲವೂ ಒಂದೆರಡು ತಿಂಗಳ ಬಾಡಿಗೆ ಕಳೆದುಕೊಳ್ಳುತ್ತಾರೆ.

2001ರ ಡಿಸೆಂಬರ್ 31ರಂದು ಜಾರಿಗೆ ಬಂದ ಕರ್ನಾಟಕ ಬಾಡಿಗೆ ಕಾಯ್ದೆ ಮಹಾನಗರಗಳಲ್ಲಿ 3,500 ರೂಪಾಯಿ, ಇತರೆಡೆ 2,000 ರೂಪಾಯಿ ಮೀರಿದ ಮನೆ ಬಾಡಿಗೆಗೂ 14 ಚದರ ಮೀಟರಿಗಿಂತ ದೊಡ್ಡ ಮಳಿಗೆಗೂ ಅನ್ವಯಿಸುವುದಿಲ್ಲ. ಹಾಗಾಗಿ ಈ ಪಟ್ಟಣಗಳ ಬಹುಪಾಲು ಬಾಡಿಗೆಗಳು ಕರಾರು ಮತ್ತು ಸ್ವತ್ತು ವರ್ಗಾವಣೆ ಕಾಯ್ದೆಯ ಮೇಲೆಯೇ ನಿಂತಿವೆ. ತಿಂಗಳ ಬಾಡಿಗೆಯಲ್ಲಿ, ಬೇರೆ ಕರಾರಿಲ್ಲದಿದ್ದರೆ, ತೆರವಿಗೆ 15 ದಿನದ ನೋಟಿಸು ಸಾಕು. ನೋಟಿಸಿಗೆ ಬಗ್ಗದಿದ್ದರೆ ಸಿವಿಲ್ ನ್ಯಾಯಾಲಯ. ಬೀಗ ಹಾಕುವುದು, ಸಾಮಾನು ಹೊರಗೆಸೆಯುವುದು, ನೀರು ಕರೆಂಟು ಕಡಿಯುವುದು ಅಪರಾಧಕ್ಕೆ ದಾರಿ; ಹಾಗೆ ಹೊರದಬ್ಬಿಸಿಕೊಂಡವನು ಆರು ತಿಂಗಳೊಳಗೆ ದಾವೆ ಹಾಕಿದರೆ ಮನೆಯ ಮಾಲೀಕತ್ವದ ಪ್ರಶ್ನೆಯನ್ನೇ ಎತ್ತದೆ ನ್ಯಾಯಾಲಯ ಸ್ವಾಧೀನ ಮರಳಿ ಕೊಡಿಸಬಹುದು. ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಬೇಡವೆಂದು ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಹೇಳುತ್ತದೆ. ರಾಜ್ಯ ಅದನ್ನು ತನ್ನ ಕಾನೂನಾಗಿ ಮಾಡಿಕೊಂಡಾಗ ಮಾತ್ರ ಅದು ಕಟ್ಟುಪಾಡು. ಆದರೂ ಒಳ್ಳೆಯ ಅಳತೆಗೋಲು.

ಕರಾರಿನಲ್ಲಿ ಬಾಡಿಗೆ ದರ, ಏರಿಕೆಯ ಪ್ರಮಾಣ, ಬಿಡುವಾಗ ಬಣ್ಣದ ಖರ್ಚು ಯಾರದು, ಮುಂಗಡ ಎಷ್ಟು ದಿನದೊಳಗೆ ವಾಪಸ್ ಎಂಬಿಷ್ಟು ಸ್ಪಷ್ಟವಿದ್ದರೆ ಜಗಳಗಳಲ್ಲಿ ಹೆಚ್ಚಿನವು ಹುಟ್ಟುವುದೇ ಇಲ್ಲ. ಮನೆ ಕೊಡುವ ದಿನ ಗೋಡೆ, ನಲ್ಲಿ, ಕಿಟಕಿ ಗಾಜುಗಳ ಫೋಟೊ ತೆಗೆದು ಇಬ್ಬರ ಫೋನಿನಲ್ಲೂ ಇಟ್ಟುಕೊಳ್ಳುವುದು ಸುಲಭದ ಕೆಲಸ. ಬಾಡಿಗೆಯನ್ನು ಬ್ಯಾಂಕ್ ಖಾತೆಗೆ ಹಾಕಿಸಿಕೊಂಡರೆ ರಸೀದಿಯ ತಕರಾರಿಲ್ಲ.

ಮನೆ ಕೇಳಲು ಬಂದವರಿಗೆ ಈ ಸೀಮೆಯಲ್ಲಿ ಎದುರಾಗುವ ಮೊದಲ ಪ್ರಶ್ನೆ ಹಲವು ಬಾರಿ ‘ನೀವು ಯಾವ ಜನ?’ ಎಂಬುದು. ಜಾತಿ ಕೇಳಿ ಬಾಗಿಲು ಮುಚ್ಚುವುದರಿಂದ ಸರ್ಕಾರಿ ಕೆಲಸದ, ನಿಯತ್ತಾಗಿ ಬಾಡಿಗೆ ಕಟ್ಟುವ ದಲಿತ, ಮುಸ್ಲಿಂ, ಆದಿವಾಸಿ ಸಂಸಾರಗಳು ಊರಾಚೆಯ ಮನೆಗಳಿಗೆ ಹೋಗಬೇಕಾಗಿದೆ. ಇದು ಅನ್ಯಾಯ. ಹೂಡಿಕೆಯ ದೃಷ್ಟಿಯಿಂದಲೂ ಹಾನಿ: ಸಣ್ಣ ಊರಿನಲ್ಲಿ ಬಾಡಿಗೆದಾರರ ಅರ್ಧ ಪಟ್ಟಿಯನ್ನು ಹರಿದುಹಾಕಿ ಮನೆ ಖಾಲಿಯಿದೆ ಎಂದರೆ ಏನು ಪ್ರಯೋಜನ? ಕೇಳಬೇಕಾದ್ದು ಕೆಲಸ, ಹಿಂದಿನ ಮನೆ ಮಾಲೀಕರ ಫೋನ್ ನಂಬರು, ಎಷ್ಟು ಜನ ಇರುತ್ತಾರೆ ಎಂಬುದನ್ನು.

ಮೀಟರು ಮತ್ತು ತೆರಿಗೆ

ಹಳೆಯ ವಠಾರಗಳಲ್ಲಿ ಒಂದೇ ಮೀಟರಿನಿಂದ ಮೂರು ಮನೆಗೆ ತಂತಿ ಎಳೆದಿರುತ್ತಾರೆ. 2023ರ ಜುಲೈನಿಂದ ಜಾರಿಯಲ್ಲಿರುವ ಗೃಹಜ್ಯೋತಿ ಯೋಜನೆ ಬಾಡಿಗೆದಾರರಿಗೂ ಸಿಗುತ್ತದೆ, ಆದರೆ ಮಿತಿ ಲೆಕ್ಕವಾಗುವುದು ಮೀಟರಿನ ಮೇಲೆ, 200 ಯೂನಿಟ್‌ವರೆಗೆ. ವಿದ್ಯುತ್ ಕಂಪನಿ ಸೆಸ್ಕ್‌ನಿಂದ ಪ್ರತ್ಯೇಕ ಆರ್‌ಆರ್ ನಂಬರು ಇರುವ ಮನೆಯನ್ನು ಈಗ ಬಾಡಿಗೆದಾರರು ಕೇಳಿಯೇ ಹಿಡಿಯುತ್ತಾರೆ. ಕೆಳಗಿನ ಕೋಣೆಯನ್ನು ಅಂಗಡಿಗೆ ಕೊಟ್ಟರೆ ಅದಕ್ಕೆ ವಾಣಿಜ್ಯ ಮೀಟರು ಬೇರೆ ಬೇಕು, ಆಸ್ತಿ ತೆರಿಗೆಯ ದರವೂ ಬದಲಾಗುತ್ತದೆ. ಪಟ್ಟಣದ ಆಸ್ತಿ ತೆರಿಗೆಯನ್ನು ಏಪ್ರಿಲ್‌ನಲ್ಲೇ ಕಟ್ಟಿದರೆ ನೂರಕ್ಕೆ 5 ರಿಯಾಯಿತಿಯುಂಟು.

ಬಾಡಿಗೆ ಆದಾಯಕ್ಕೆ ಆದಾಯ ತೆರಿಗೆ ಲೆಕ್ಕ ಹಾಕುವಾಗ ಮೊದಲು ಕಟ್ಟಿದ ಆಸ್ತಿ ತೆರಿಗೆ ಕಳೆದು, ಉಳಿದದ್ದರಲ್ಲಿ ನೂರಕ್ಕೆ 30ನ್ನು ರಿಪೇರಿ ಮುಂತಾದವುಗಳಿಗೆಂದು ಬಿಲ್ಲು ಕೇಳದೆ ಬಿಡುತ್ತಾರೆ. ಸಾಲದ ಬಡ್ಡಿಯನ್ನೂ ಕಳೆಯಬಹುದು. ಹೊಸ ತೆರಿಗೆ ಪದ್ಧತಿ ಆರಿಸಿದವರು ಮನೆಯ ನಷ್ಟವನ್ನು ಸಂಬಳದ ಆದಾಯದಿಂದ ಕಳೆಯುವಂತಿಲ್ಲ. ಬೇಸಾಯದ ಆದಾಯಕ್ಕೆ ತೆರಿಗೆಯಿಲ್ಲದ್ದರಿಂದ ರಿಟರ್ನ್ಸ್ ಹೆಸರೇ ಕೇಳದ ರೈತರು ಮಳಿಗೆ ಕಟ್ಟಿ ಬ್ಯಾಂಕಿಗೆ, ಎಟಿಎಂಗೆ ಬಾಡಿಗೆ ಕೊಟ್ಟಾಗ ತೊಡಕಾಗುತ್ತದೆ: ಬಾಡಿಗೆ ತಿಂಗಳಿಗೆ 50 ಸಾವಿರ ಮೀರಿದರೆ ಬ್ಯಾಂಕು ನೂರಕ್ಕೆ 10ನ್ನು ಮುರಿದುಕೊಂಡೇ ಹಣ ಹಾಕುತ್ತದೆ, ಪ್ಯಾನ್ ನಂಬರು ಕೊಡದಿದ್ದರೆ ನೂರಕ್ಕೆ 20. ಮುರಿದ ಹಣ ವಾಪಸ್ ಬರಬೇಕಾದರೆ ಆ ವರ್ಷದ ರಿಟರ್ನ್ಸ್ ಸಲ್ಲಿಸಲೇಬೇಕು. ಮಳಿಗೆ ಬಾಡಿಗೆಯೊಂದಿಗೆ ಬೇರೆ ವ್ಯವಹಾರವೂ ಸೇರಿ ವರ್ಷದ ವಹಿವಾಟು 20 ಲಕ್ಷ ದಾಟಿದವರಿಗೆ ಜಿಎಸ್‌ಟಿ ನೋಂದಣಿಯೂ ಕಡ್ಡಾಯವಾಗುತ್ತದೆ. ಸಂಸಾರದ ವಾಸಕ್ಕೆ ಖಾಸಗಿಯಾಗಿ ಕೊಟ್ಟ ಮನೆಯ ಬಾಡಿಗೆಗೆ ಆ ತೆರಿಗೆ ಇಲ್ಲ.